ಊಟ ಆತೇನ್ರಿ ಕಾಕಾ?

"ತುಮಚೇ ಕಾಕಾ ಕಾಹೀತರೀ ಮಾಗತಾಯತ್" ಎಂದು ನನ್ನ ಮರಾಠಿ ಸಹೋದ್ಯೋಗಿ ವಾರ್ಡಿನ ಆ ತುದಿಯಿಂದ ಕೂಗಿದಾಗ ಮಧ್ಯಾಹ್ನ ಮೂರೂವರೆ. ನಿಮ್ಮ ಕಾಕಾ ಏನೋ ಕೇಳುತ್ತಿದ್ದಾರೆ, ಬಂದು ನೋಡಿ ಅಂತ. ಪುಣೆಯ ನಮ್ಮ ಸರ್ಜರಿ ವಾರ್ಡಿನಲ್ಲಿ ಕನ್ನಡದ ರೋಗಿ ಯಾರೇ ಬಂದರೂ ಅವರು 'ನನ್ನ' ಕಾಕಾ, 'ನನ್ನ' ಅಕ್ಕ ಆಗಿಬಿಡುತ್ತಾರೆ. ಧಾರವಾಡದಿಂದ ಬಂದ ಹನ್ನೊಂದು ವರ್ಷಗಳಲ್ಲಿ ಈ ನೆಂಟಸ್ತಿಕೆ ನನಗೆ ರೂಢಿಯಾಗಿದೆ.

ಹೋಗಿ ನೋಡಿದೆ. ಇಂಡಿ ತಾಲ್ಲೂಕಿನ ಹಿರಿಯರು ಅವರು, ಇಲ್ಲಿ ಕಟ್ಟಡವೊಂದರ ವಾಚ್‌ಮನ್. ಮಂಚದ ಮೇಲೆ ಎದ್ದು ಕೂತಿದ್ದರು. ಹಣೆ, ಕುತ್ತಿಗೆ ಎಲ್ಲ ಬೆವರು. "ಎತ್ತು ಬಿಚ್ಚಿ ಕಟ್ಟಲೇ, ಬಿಸಲಾಗ ನಿಂತಾವ" ಎಂದು ಯಾರಿಗೋ ಹೇಳುತ್ತಿದ್ದರು. ನನ್ನ ಮುಖ ನೋಡಿದರೂ ಗುರುತು ಹತ್ತಲಿಲ್ಲ. ಸಹೋದ್ಯೋಗಿಯ ಕಿವಿಗೆ ಅದು ನೀರನ್ನೋ ಚಾದರವನ್ನೋ ಕೇಳುವ ಮಾತಿನಂತೆ ಕೇಳಿಸಿತ್ತು. ಅವಳದೇನೂ ತಪ್ಪಿಲ್ಲ. ರೋಗಿ ಗೊಂದಲಕ್ಕೆ ಬಿದ್ದಿದ್ದಾನೆ ಎಂದು ತಿಳಿಯಬೇಕಾದರೆ ಅವನ ಮಾತು ಅರ್ಥವಾಗಬೇಕು. ಎತ್ತಿನ ಮಾತು ಕೇಳಿದ ಕೂಡಲೇ ನಾನು ಬೆರಳಿಗೆ ಚುಚ್ಚಿ ಗ್ಲೂಕೋಮೀಟರ್ ಹಿಡಿದೆ. 42.

ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯದ ಗಂಟೆ. 54ಕ್ಕಿಂತ ಕೆಳಗೆ ಮೆದುಳು ಉಪವಾಸ ಬೀಳಲು ಶುರು. ಎಚ್ಚರದಲ್ಲಿರುವ ರೋಗಿಗೆ 15 ಗ್ರಾಂನಷ್ಟು ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುವುದು ಕ್ರಮ. ಆದರೆ ಹೀಗೆ ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕುವಂತಿಲ್ಲ, ಶ್ವಾಸನಾಳಕ್ಕೆ ಇಳಿದರೆ ಇನ್ನೊಂದು ಅನಾಹುತ. ಕೈಯಲ್ಲಿ ಸಲೈನ್ ಸೂಜಿ ಇದ್ದದ್ದು ಪುಣ್ಯ. ಡ್ಯೂಟಿ ಡಾಕ್ಟರು ಓಡಿ ಬಂದರು, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ನರಕ್ಕೆ ಹೋಯಿತು. ಕಾಲು ಗಂಟೆಯ ನಂತರ 96. ಕಾಕಾ ಕಣ್ಣು ಪಿಳಿಪಿಳಿ ಮಾಡಿ, "ಏನಾತು ತಂಗಿ? ಯಾಕ ಎಲ್ಲಾರೂ ನಿಂತೀರಿ?" ಅಂದರು.

ಏನಾಯಿತು ಎನ್ನುವುದು ನನಗೆ ಪೂರ್ತಿ ತಿಳಿದದ್ದು ಸಂಜೆ.

ಹನ್ನೆರಡೂವರೆಗೆ ನಾನೇ ಅವರಿಗೆ 16 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಟ್ಟಿದ್ದೆ. ಈ ಇನ್ಸುಲಿನ್ ನೀರಿನ ಹಾಗೆ ತಿಳಿಯಾಗಿರುತ್ತದೆ. ಚರ್ಮದಡಿ ಕೊಟ್ಟ ಅರ್ಧ ಗಂಟೆಗೆ ಕೆಲಸ ಶುರು ಮಾಡಿ, ಎರಡರಿಂದ ನಾಲ್ಕು ಗಂಟೆಯ ನಡುವೆ ಅದರ ಜೋರು ತುದಿಗೇರುತ್ತದೆ. ಆದ್ದರಿಂದಲೇ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು: ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುವಾಗ ಇನ್ಸುಲಿನ್ ಕಾದು ನಿಂತಿರಬೇಕು. ಒಂದು ಗಂಟೆಗೆ ಊಟದ ತಾಟು ಬಂತು. ಒಂದೂವರೆಗೆ ನಾನು ಆ ದಾರಿಯಲ್ಲಿ ಹೋಗುತ್ತ, "ಊಟ ಆತೇನ್ರಿ ಕಾಕಾ?" ಎಂದೆ. "ಆತು ತಂಗಿ, ನಿಂದಾತು?" ಎಂದರು. ನಾನು ಚಾರ್ಟಿನಲ್ಲಿ ಟಿಕ್ ಹಾಕಿದೆ.

ಊಟ ಆಗಿರಲಿಲ್ಲ. ಆಸ್ಪತ್ರೆಯ ತಾಟು ರೋಗಿಗೆ ಮಾತ್ರ. ಜೊತೆಯಲ್ಲಿ ಇರುವವರು ಹೊರಗೆ ಕೊಂಡು ತಿನ್ನಬೇಕು. ಏಳು ದಿನದಿಂದ ವಡಾಪಾವ್ ತಿಂದು ದಿನ ನೂಕುತ್ತಿದ್ದ ಹೆಂಡತಿಗೆ ಅಂದು ಕಾಕಾ ತಮ್ಮ ತಾಟನ್ನು ಸರಿಸಿದ್ದರು. "ನನಗ ಹಸಿವಿಲ್ಲ, ನೀ ಉಣ್ಣು" ಅಂದರಂತೆ. ಕಾಕೂ ಇದನ್ನು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಕಳವು ಮಾಡಿ ಸಿಕ್ಕಿಬಿದ್ದವರಂತೆ.

ನಮ್ಮಲ್ಲಿ ಊಟ ಆಯ್ತಾ ಅನ್ನುವುದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಅದಕ್ಕೆ 'ಆಯ್ತು' ಎನ್ನುವುದು ಉತ್ತರವಲ್ಲ, ಮರ್ಯಾದೆ. ಊಟವಾಗಿಲ್ಲ ಎಂದರೆ ಕೇಳಿದವರಿಗೆ ಬಡಿಸುವ ಹೊಣೆ ಬೀಳುತ್ತದಲ್ಲ! ನಾನು ಇನ್ಸುಲಿನ್ ಕೊಟ್ಟ ನರ್ಸ್ ಆಗಿ ಕೇಳಬೇಕಿತ್ತು, ಊರಿನವಳಾಗಿ ಕೇಳಿದೆ. ಅವರೂ ಊರಿನವರಿಗೆ ಹೇಳುವ ಉತ್ತರವನ್ನೇ ಹೇಳಿದರು. ಬಹುಶಃ ಆ ಮರಾಠಿ ಹುಡುಗಿ ತನ್ನ ಮುರುಕು ಹಿಂದಿಯಲ್ಲಿ 'ಕಿತನೀ ರೋಟಿ ಖಾಯಾ' ಎಂದು ಕೇಳಿದ್ದರೆ ನಿಜ ಹೊರಬೀಳುತ್ತಿತ್ತು. ಭಾಷೆ ಗೊತ್ತಿದ್ದದ್ದರಿಂದ ನಾನು ಮಧ್ಯಾಹ್ನ ಒಂದೂವರೆಗೆ ಮೋಸಹೋದೆ, ಅದೇ ಭಾಷೆಯಿಂದ ಮೂರೂವರೆಗೆ ಎಚ್ಚೆತ್ತೆ.

ಆದರೆ ಒಂದು ಹೊತ್ತಿನ ಊಟ ತಪ್ಪಿದ್ದಷ್ಟೇ ಕಾರಣವಲ್ಲ. ಹಿಂದಿನ ವಾರ ಅದೇ 16 ಯೂನಿಟ್ ಅವರ ಸಕ್ಕರೆಯನ್ನು ಅಲುಗಾಡಿಸಿರಲಿಲ್ಲ. ಇಲ್ಲಿಗೆ ಸೋಂಕಿನ ಕತೆ ಬರುತ್ತದೆ.

ಕಾಕಾ ಬಂದದ್ದು ಬಲಗಾಲಿನ ಅಂಗಾಲಿಗೆ ಮೊಳೆ ಚುಚ್ಚಿಕೊಂಡು. ಚುಚ್ಚಿ ನಾಲ್ಕು ದಿನವಾದರೂ ಅವರಿಗೆ ಗೊತ್ತೇ ಆಗಿರಲಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರ ಮರಗಟ್ಟುತ್ತವೆ, ಚಪ್ಪಲಿಯಲ್ಲಿ ರಕ್ತ ಕಂಡ ಮೇಲೆಯೇ ತಿಳಿಯುವುದು. ದಾಖಲಾದ ದಿನ ಕಾಲು ಊದಿ, ವಾಸನೆ ಬಂದಿತ್ತು, ಸಕ್ಕರೆ 380. ಸೋಂಕು ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ಅವು ಇನ್ಸುಲಿನ್ನಿಗೆ ಎದುರಾಳಿಗಳು. ಅದಕ್ಕೇ ಸೋಂಕಿದ್ದಾಗ ಇನ್ಸುಲಿನ್ ಹೆಚ್ಚು ಬೇಕು. ಏರಿದ ಸಕ್ಕರೆ ಬಿಳಿ ರಕ್ತಕಣಗಳ ಕಸುವನ್ನು ಕುಗ್ಗಿಸಿ ಸೋಂಕಿಗೆ ಇನ್ನಷ್ಟು ದಾರಿ ಬಿಡುತ್ತದೆ. ಎರಡೂ ಒಂದನ್ನೊಂದು ಸಾಕಿಕೊಳ್ಳುತ್ತವೆ.

ಕೀವನ್ನು ಕಲ್ಚರ್‌ಗೆ ಕಳಿಸಿದ ಮೇಲೆಯೇ ಮೊದಲ ಆ್ಯಂಟಿಬಯೋಟಿಕ್ ಹಾಕಿದೆವು. ಈ ಕ್ರಮ ಹಿಂದುಮುಂದಾದರೆ ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ, ಯಾವ ರೋಗಾಣು ಎಂಬುದು ಕೊನೆಗೂ ತಿಳಿಯುವುದಿಲ್ಲ. ಔಷಧಕ್ಕೆ ಮೊದಲು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಅಲರ್ಜಿಯದು. 'ಅಲರ್ಜಿ ಇದೆಯಾ' ಎಂದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಅನ್ನುತ್ತಾರೆ. "ಎಂದರೆ ಸೂಜಿ ಮಾಡಿಸಿದ ಮ್ಯಾಲೆ ಮೈತುಂಬ ಪಿತ್ತದ ಗಂಧಿ ಎದ್ದಿದ್ವೇನ್ರಿ? ಉಸಿರು ಹಿಡಿದಂಗ ಆಗಿತ್ತೇನ್ರಿ?" ಎಂದು ಕೇಳಿದರೆ ಇಪ್ಪತ್ತು ವರ್ಷದ ಹಿಂದಿನ ಕತೆಯೂ ಹೊರಬರುತ್ತದೆ. ಪೆನಿಸಿಲಿನ್ ಗುಂಪಿನ ಔಷಧ ಕೊಡುವಾಗ ಆ ಒಂದು ಕತೆಯ ಬೆಲೆ ಒಂದು ಜೀವ. ಕಾಕಾಗೆ ಅಂಥದ್ದೇನೂ ಆಗಿರಲಿಲ್ಲ.

ಅವರಿಗೆ ಎರಡು ಔಷಧ ನಡೆದಿತ್ತು. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಎಂಟು ಗಂಟೆಗೊಮ್ಮೆ, ಅಮಿಕಾಸಿನ್ ದಿನಕ್ಕೊಮ್ಮೆ. "ಅದನ್ನ ದಿನಕ್ಕ ಮೂರು ಸಲ, ಇದನ್ನ ಒಮ್ಮೆ ಯಾಕ?" ಎಂದು ಕಾಕಾ ಒಮ್ಮೆ ಕೇಳಿದ್ದರು. ನರ್ಸಿಂಗ್ ಓದುವಾಗ ನಾನೂ ಇದನ್ನು ಬಾಯಿಪಾಠ ಮಾಡಿದವಳೇ, ಅರ್ಥವಾದದ್ದು ಅವರಿಗೆ ಹೇಳಲು ಹೋದಾಗ. ಪಿಪರಾಸಿಲಿನ್ ಜೋಳದ ಹೊಲದಲ್ಲಿ ಅಟ್ಟ ಹತ್ತಿ ಹಕ್ಕಿ ಕಾಯುವವನ ಹಾಗೆ. ಬ್ಯಾಕ್ಟೀರಿಯಾ ಬೆಳೆದು ತನ್ನ ಗೋಡೆ ಕಟ್ಟುವ ಹೊತ್ತಿಗೆಲ್ಲ ಅದು ಅಲ್ಲಿರಬೇಕು. ಕಾಯುವವನು ಇಳಿದರೆ ಹಕ್ಕಿ ಇಳಿಯುತ್ತವೆ. ಹಾಗಾಗಿ ಎಂಟು ಗಂಟೆ ಎಂದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ತಿಂಡಿಗೆ, ಊಟಕ್ಕೆ, ಮಲಗುವ ಮೊದಲು ಅಂತಲ್ಲ. ಅಮಿಕಾಸಿನ್ ಹಾಗಲ್ಲ, ಒಮ್ಮೆ ಗಟ್ಟಿಯಾಗಿ ಬಿದ್ದರೆ ಸಾಕು, ರಕ್ತದಲ್ಲಿ ಇಳಿದ ಮೇಲೂ ಅದರ ಏಟು ಕೆಲವು ಗಂಟೆ ಉಳಿಯುತ್ತದೆ. ಪದೇ ಪದೇ ಕೊಟ್ಟು ರಕ್ತದಲ್ಲಿ ಸದಾ ನಿಲ್ಲಿಸಿದರೆ ಮೂತ್ರಪಿಂಡ ಮತ್ತು ಕಿವಿಗೆ ಕೆಡುಕು. ಇವೆರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸುವುದೂ ಸಲ್ಲ, ಪೆನಿಸಿಲಿನ್ ಗುಂಪಿನದು ಅಮಿಕಾಸಿನ್ನಿನ ಶಕ್ತಿಯನ್ನು ಕುಂದಿಸುತ್ತದೆ.

ಅಮಿಕಾಸಿನ್ ನಡೆಯುವಾಗ ದಿನವೂ ಮೂತ್ರದ ಅಳತೆ, ಎರಡು ಮೂರು ದಿನಕ್ಕೊಮ್ಮೆ ಕ್ರಿಯಾಟಿನಿನ್ ನೋಡುತ್ತೇವೆ. ಜೊತೆಗೆ "ಕಿವ್ಯಾಗ ಗುಂಯ್ ಅಂತೈತೇನ್ರಿ? ಎದ್ದು ನಿಂತ್ರ ತಲಿ ತಿರಗತೈತೇನ್ರಿ?" ಎಂದು ಕೇಳುತ್ತೇವೆ. ಗುಂಯ್ ಅನ್ನುವುದನ್ನು ಬೇರೆ ಯಾವ ಭಾಷೆಯಲ್ಲಿ ಇಷ್ಟು ಸರಿಯಾಗಿ ಕೇಳಬಹುದೋ ನನಗೆ ತಿಳಿಯದು.

ಏಳನೇ ದಿನದ ಹೊತ್ತಿಗೆ ಆದದ್ದು ಇಷ್ಟು. ಸತ್ತ ಮಾಂಸ ತೆಗೆದು ಗಾಯ ಸ್ವಚ್ಛವಾಗಿತ್ತು, ಜ್ವರ ಬಿಟ್ಟಿತ್ತು, ಅಂದರೆ ಇನ್ಸುಲಿನ್ನಿಗೆ ಎದುರಾಳಿ ಇಲ್ಲವಾಗಿತ್ತು. ಇನ್ನೊಂದು ಕಡೆ ಕ್ರಿಯಾಟಿನಿನ್ 1.1 ಇದ್ದದ್ದು 1.9 ಆಗಿತ್ತು. ಚುಚ್ಚುಮದ್ದಾಗಿ ಕೊಟ್ಟ ಇನ್ಸುಲಿನ್ನಿನ ದೊಡ್ಡ ಪಾಲನ್ನು ವಿಲೇವಾರಿ ಮಾಡುವುದು ಮೂತ್ರಪಿಂಡವೇ. ಅದು ಸೋತರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೇಡಿಕೆ ಕಡಿಮೆ, ದಾಸ್ತಾನು ಜಾಸ್ತಿ, ಮೇಲೆ ಹೊಟ್ಟೆ ಖಾಲಿ.

ಶುಗರ್ ಚಾರ್ಟ್ ತೆಗೆದು ನೋಡಿದೆ. ಮಧ್ಯಾಹ್ನದ ಊಟಕ್ಕೆ ಮೊದಲಿನ ಅಂಕಿಗಳು: 312, 254, 190, 146, ಆ ದಿನ 118. ಮೆಟ್ಟಿಲು ಇಳಿದ ಹಾಗೆ ಇಳಿದಿದ್ದವು. ಪ್ರತಿದಿನ ಆ ದಿನದ ಅಂಕಿ ನೋಡಿ 'ಚೆನ್ನಾಗಿದೆ' ಎಂದು ಖುಷಿಪಟ್ಟಿದ್ದೆವು. ಡೋಸ್ ಮಾತ್ರ 16ರಲ್ಲೇ ನಿಂತಿತ್ತು. ಬರೆದವರೂ ಬದಲಿಸಲಿಲ್ಲ, ಕೊಟ್ಟ ನಾನೂ ಕೇಳಲಿಲ್ಲ. ಇಬ್ಬರು ನರ್ಸ್‌ಗಳು ಸೇರಿ ಸಿರಿಂಜ್ ಪರೀಕ್ಷಿಸುವ ನಿಯಮ ನಮ್ಮಲ್ಲಿದೆ, ಅಂದೂ ಪರೀಕ್ಷಿಸಿದ್ದೆವು. ಸಿರಿಂಜಿನಲ್ಲಿ 16 ಸರಿಯಾಗಿಯೇ ಇತ್ತು. 16 ಯಾಕೆ ಎಂಬುದು ಆ ಪರೀಕ್ಷೆಯಲ್ಲಿ ಇಲ್ಲ.

(16ರ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ವಾರ್ಡಿನಲ್ಲಿ ಮಲಯಾಳಿ, ಮರಾಠಿ, ಕನ್ನಡ, ಮಣಿಪುರಿ ಎಲ್ಲರೂ ಇದ್ದೇವೆ. ಡ್ಯೂಟಿ ಒಪ್ಪಿಸುವಾಗ ಸಿಕ್ಸ್‌ಟೀನ್ ಎಂದದ್ದು ಸಿಕ್ಸ್‌ಟಿ ಎಂದು ಕೇಳಿದರೆ ಮುಗಿಯಿತು. ಅದಕ್ಕೇ 'ವನ್ ಸಿಕ್ಸ್' ಎಂದು ಬಿಡಿಸಿ ಹೇಳುತ್ತೇವೆ. ಯೂನಿಟ್ ಎಂಬುದನ್ನು ಪೂರ್ತಿ ಬರೆಯುತ್ತೇವೆ. ಬರೀ ಯು ಅಕ್ಷರ ಬರೆದರೆ ಅವಸರದಲ್ಲಿ ಸೊನ್ನೆಯಾಗಿ ಕಂಡು 10 ಯೂನಿಟ್ 100 ಆಗುತ್ತದೆ.)

ಸೋಂಕಿನ ಔಷಧ ಮತ್ತು ಸಕ್ಕರೆಯ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಜಾತಿಯ ಗುಳಿಗೆಗಳು ಕೆಲವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ, ಸಕ್ಕರೆಯನ್ನು ಒಮ್ಮೆಲೇ ಕೆಳಗಿಳಿಸಬಹುದು. ಅದೇ ಜಾತಿಯ ಗ್ಯಾಟಿಫ್ಲಾಕ್ಸಾಸಿನ್ ಗುಳಿಗೆ-ಇಂಜೆಕ್ಷನ್ನುಗಳನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಕ್ಷಯದ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ. ಅದು ಯಕೃತ್ತನ್ನು ಚುರುಕುಗೊಳಿಸಿ ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆಗಳನ್ನು ಬೇಗ ಕರಗಿಸಿಬಿಡುತ್ತದೆ. ಗುಳಿಗೆ ತಪ್ಪಿಸದಿದ್ದರೂ ಸಕ್ಕರೆ ಏರುತ್ತದೆ, ರೋಗಿ ಬೈಸಿಕೊಳ್ಳುತ್ತಾನೆ. ಮೆಡಿಕಲ್ ಅಂಗಡಿಯಿಂದ ತಾವೇ ಕೇಳಿ ಆ್ಯಂಟಿಬಯೋಟಿಕ್ ತರುವ ನಮ್ಮ ಜನಕ್ಕೆ ನಾನು ಹೇಳುವುದು ಇಷ್ಟೇ: ಸಕ್ಕರೆ ಇದ್ದವರು ಅದನ್ನು ಅಂಗಡಿಯವನಿಗಲ್ಲ, ಡಾಕ್ಟರಿಗೆ ಹೇಳಿ ತನ್ನಿ.

2021ರ ಬೇಸಿಗೆ ನೆನಪಾಗುತ್ತದೆ. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂದು, ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು. ಮಹಾರಾಷ್ಟ್ರದಲ್ಲಿ ಅವು ಬಹಳ. ಬಂದವರಲ್ಲಿ ಹೆಚ್ಚಿನವರಿಗೆ ಸಕ್ಕರೆ, ಮೇಲೆ ಸ್ಟೀರಾಯ್ಡ್. ಔಷಧ ಆಂಫೊಟೆರಿಸಿನ್ ಬಿ. ಅದನ್ನು ಸಲೈನ್‌ನಲ್ಲಿ ಬೆರೆಸುವಂತಿಲ್ಲ, ಒಡೆದ ಹಾಲಿನಂತೆ ತಳ ಹಿಡಿಯುತ್ತದೆ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಲ್ಲೇ ಬೆರೆಸಬೇಕು, ಅಂದರೆ ಸಕ್ಕರೆ ಕಾಯಿಲೆಯವರ ನರಕ್ಕೆ ಸಕ್ಕರೆ ನೀರನ್ನೇ ಗಂಟೆಗಟ್ಟಲೆ ಹರಿಸಬೇಕು. ಅದಕ್ಕೆ ಇನ್ಸುಲಿನ್ ಕೊಡಬೇಕು. ಆಂಫೊಟೆರಿಸಿನ್ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ, ಇನ್ಸುಲಿನ್ ಇದ್ದ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯದ ತಾಳ ತಪ್ಪುತ್ತದೆ. ಆಗ ಲಿಪೊಸೋಮಲ್ ಬಗೆಯ ಔಷಧಕ್ಕೆ ಊರೆಲ್ಲ ಅಲೆದಾಟ. ಸಿಕ್ಕಿದ್ದು ಹಳೆಯ ಬಗೆಯಾದರೆ ಅದರ ಡೋಸೇ ಬೇರೆ. ಲಿಪೊಸೋಮಲ್ ಕೆಜಿಗೆ 5 ಮಿಲಿಗ್ರಾಂ ಮತ್ತು ಮೇಲೆಯೂ ಹೋಗುತ್ತದೆ, ಹಳೆಯದು 1.5 ದಾಟುವಂತಿಲ್ಲ. ಹೆಸರು ಎರಡಕ್ಕೂ ಒಂದೇ. ಸೀಸೆಯ ಮೇಲಿನ ಸಣ್ಣಕ್ಷರವನ್ನು ಮೊಬೈಲ್ ಟಾರ್ಚ್ ಹಿಡಿದು ಓದಿದ ರಾತ್ರಿಗಳವು. ಕಾಕಾನ ಚಾರ್ಟನ್ನು ಹಾಗೆ ಓದಿರಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಮರುದಿನ ರೌಂಡ್ಸ್‌ನಲ್ಲಿ ಇನ್ಸುಲಿನ್ ಇಳಿಸಿದರು, ಅಮಿಕಾಸಿನ್ ನಿಲ್ಲಿಸಿದರು. ಕ್ರಿಯಾಟಿನಿನ್ ನಿಧಾನವಾಗಿ ಇಳಿಯಿತು. ಕಾಕೂಗೆ ಊಟದ ವ್ಯವಸ್ಥೆ ಸಮಾಜಸೇವಾ ವಿಭಾಗದಿಂದ ಆಯಿತು. ಮೊದಲೇ ಕೇಳಿದ್ದರೆ ಮೊದಲೇ ಆಗುತ್ತಿತ್ತು. ಈಗ ನಾನು 'ಊಟ ಆತೇನ್ರಿ' ಎಂದು ಕೇಳುವುದಿಲ್ಲ. "ಎಷ್ಟು ಚಪಾತಿ ಉಂಡ್ರಿ? ಪಲ್ಯ ಏನಿತ್ತು?" ಎನ್ನುತ್ತೇನೆ. ತಾಟನ್ನೂ ನೋಡುತ್ತೇನೆ.

ಊರಿಗೆ ಹೊರಡುವ ಮೊದಲು ಕಾಕೂಗೆ ಇನ್ಸುಲಿನ್ ಕಲಿಸಿದೆ. 30/70 ಮಿಶ್ರಣ, ಬೆಳಿಗ್ಗೆ 14, ರಾತ್ರಿ 8. ಇದು ಮಜ್ಜಿಗೆಯಂತೆ ಮಬ್ಬಾಗಿರುತ್ತದೆ, ಕುಲುಕಬಾರದು. ಸಣ್ಣ ಕಡಗೋಲನ್ನು ಅಂಗೈಗಳ ನಡುವೆ ತಿರುಗಿಸುವಂತೆ ಸೀಸೆಯನ್ನು ಹೊರಳಿಸಬೇಕು. ಹೊಟ್ಟೆಯ ಮೇಲೆ ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ, ದಿನಕ್ಕೊಂದು ಜಾಗ ಬದಲಿಸಬೇಕು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು, ಬರ್ಫದ ಖಾನೆಯಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಟ್ಟಂತೆಯೇ. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಇಂಡಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ತೆರೆಯದ ಸೀಸೆಗಳನ್ನು ಫ್ರಿಜ್ ಇರುವ ಮೆಡಿಕಲ್ ಅಂಗಡಿಯಲ್ಲೇ ಬಿಟ್ಟು ಒಂದೊಂದಾಗಿ ತರಲಿ, ಬಳಸುತ್ತಿರುವುದನ್ನು ನೀರು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆಯಲ್ಲಿ ಇಡಲಿ ಎಂದೆ. ಹೊರಗಿನ ಬಿಸಿಗಿಂತ ಕೆಲವು ಡಿಗ್ರಿ ತಂಪು ಅಲ್ಲಿ ಸಿಗುತ್ತದೆ. ತೆರೆದ ಸೀಸೆ ನಾಲ್ಕು ವಾರದ ಮೇಲೆ ಬೇಡ. ಕಾಕೂ ಎಲ್ಲವನ್ನೂ ಒಮ್ಮೆ ಮಾಡಿ ತೋರಿಸಿದರು, ಕೈ ನಡುಗಲಿಲ್ಲ.

ಒಂದನ್ನು ಮಾತ್ರ ಮೂರು ಸಲ ಹೇಳಿದ್ದೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದೂ ಇದೆ, ಅದಕ್ಕೆ ಕಿತ್ತಳೆ ಮುಚ್ಚಳ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 14ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಬರೀ ಐದೂವರೆ ಯೂನಿಟ್ ಚಿಲ್ಲರೆ. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 14ರ ಗೆರೆಗೆ ಎಳೆದರೆ 35 ಯೂನಿಟ್. ಮೊದಲನೆಯದರಲ್ಲಿ ಗಾಯ ಮತ್ತೆ ಬಾಯಿ ಬಿಡುತ್ತದೆ, ಎರಡನೆಯದರಲ್ಲಿ ಮನುಷ್ಯ ಮಲಗಿದಲ್ಲೇ ಉಳಿಯಬಹುದು. ಪರದೇಶಿ ಊರಲ್ಲಿ ಕೂತು ಹೆತ್ತವರಿಗೆ ಔಷಧ ಕಳಿಸುವ ನಮ್ಮಂಥವರು ಸೀಸೆ ಮತ್ತು ಸಿರಿಂಜನ್ನು ಒಟ್ಟಿಗೆ ಇಟ್ಟು, ಎರಡರ ಮೇಲಿನ ಅಂಕಿ ಒಂದೇ ಇದೆಯೇ ಎಂದು ಫೋಟೊ ತರಿಸಿ ನೋಡಬೇಕು.

ಒಂದೂವರೆ ತಿಂಗಳ ನಂತರ ಅವರ ಮಗನಿಂದ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಬಂತು. ಸೀಸೆ 40ರದ್ದು, ಸಿರಿಂಜಿನ ಮುಚ್ಚಳ ಕಿತ್ತಳೆ. "ಅಕ್ಕಾರ, ಕೆಂಪು ಖಾಲಿ ಆಗ್ಯಾವಂತ, ಇದೂ ಅದೇ ಅಂತ ಕೊಟ್ಟಾನ. ಅವ್ವ ನಿಮ್ಮನ್ನ ಕೇಳು ಅಂದಳು. ನಡೀತದೇನ್ರಿ?" ನಡೆಯುವುದಿಲ್ಲ, ವಾಪಸ್ ಕೊಟ್ಟು ಬಾ ಎಂದು ಬರೆದೆ. ಹುಡುಗ ಆ ಬಿಸಿಲಿನಲ್ಲಿ ಬೈಕ್ ಹತ್ತಿ ಮತ್ತೆ ಇಂಡಿಗೆ ಹೋಗಿ, ಮೂರು ಅಂಗಡಿ ಸುತ್ತಿ, ಸಂಜೆ ಐದಕ್ಕೆ ಇನ್ನೊಂದು ಫೋಟೊ ಕಳಿಸಿದ. ಕೆಂಪು ಮುಚ್ಚಳ, ಪಕ್ಕದಲ್ಲಿ ಕಾಕೂನ ಹಸಿರು ಬಳೆಯ ಕೈ.